ಪಟ್ನಿ ಕ್ಷೇತ್ರದ ಹೊಸಬರಿಗೆ: ನಿಮ್ಮ ಮತ, ನಿಮ್ಮ ಕ್ಷೇತ್ರದ ಇತಿಹಾಸ

ಲಂಡನ್ನಿನ ಪಟ್ನಿ, ರೋಹ್ಯಾಂಪ್ಟನ್, ಸೌತ್‌ಫೀಲ್ಡ್ಸ್ ಕಡೆ ಬಾಡಿಗೆ ಮನೆ ಹಿಡಿದ ಕುಟುಂಬಗಳಿಗೆ ನಮ್ಮ ಸಂಘವು ಮೊದಲು ಹೇಳುವ ಮಾತು ಇದು: ವೀಸಾದ ಮೇಲೆ ಇಲ್ಲಿ ನೆಲೆಸಿರುವ ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳಾದುದರಿಂದ ಅವರಿಗೆ ಸಂಸತ್ ಚುನಾವಣೆಯಲ್ಲೂ ಮತದಾನದ ಹಕ್ಕಿದೆ, ಬ್ರಿಟಿಷ್ ಪೌರತ್ವಕ್ಕಾಗಿ ಕಾಯಬೇಕಾಗಿಲ್ಲ. ಇದನ್ನು ಕೇಳಿದವರಲ್ಲಿ ಅರ್ಧದಷ್ಟು ಜನ ಮೊದಲಿಗೆ ನಂಬುವುದೇ ಇಲ್ಲ.

1918ರಲ್ಲಿ ರಚನೆಯಾದ ಪಟ್ನಿ ಕ್ಷೇತ್ರವು ದೀರ್ಘಕಾಲ ಕನ್ಸರ್ವೇಟಿವ್ ಪಕ್ಷದ ಭದ್ರ ನೆಲೆಯಾಗಿತ್ತು. ಥೇಮ್ಸ್ ದಂಡೆಯ ಸಿರಿವಂತ ಬೀದಿಗಳ ಜೊತೆಗೆ 1950ರ ದಶಕದಲ್ಲಿ ರೋಹ್ಯಾಂಪ್ಟನ್ನಿನಲ್ಲಿ ಆಲ್ಟನ್ ಎಂಬ ದೊಡ್ಡ ಸರ್ಕಾರಿ ವಸತಿ ಬಡಾವಣೆ ಎದ್ದಿತು. 1964ರಲ್ಲಿ ಲೇಬರ್ ಪಕ್ಷದ ಹ್ಯೂ ಜೆಂಕಿನ್ಸ್ ಗೆದ್ದರು. 1979ರಲ್ಲಿ ಡೇವಿಡ್ ಮೆಲರ್ ಅದನ್ನು ಕನ್ಸರ್ವೇಟಿವ್ ಪಕ್ಷಕ್ಕೆ ಮರಳಿ ತಂದರು. 1997ರಲ್ಲಿ ಅವರು ಸೋತಾಗ, ಕೇವಲ 1,518 ಮತ ಪಡೆದು ಠೇವಣಿ ಕಳೆದುಕೊಂಡಿದ್ದ ಕೋಟ್ಯಧಿಪತಿ ಜೇಮ್ಸ್ ಗೋಲ್ಡ್‌ಸ್ಮಿತ್ ಫಲಿತಾಂಶ ಘೋಷಣೆಯ ಅದೇ ವೇದಿಕೆಯ ಮೇಲೆ ನಿಂತು, ಅವರನ್ನು ಅಣಕಿಸುತ್ತ ನಿಧಾನವಾಗಿ ಚಪ್ಪಾಳೆ ತಟ್ಟಿದ ದೃಶ್ಯ ಟಿ.ವಿ.ಯಲ್ಲಿ ದೇಶವೇ ಕಂಡದ್ದು.

ನಮಗೆ ಹೆಚ್ಚು ಹತ್ತಿರವಾದುದು 2017ರ ಸ್ಪರ್ಧೆ. ಕಲಬುರಗಿ ಮೂಲದ ವೈದ್ಯರೂ, ಲಂಡನ್ನಿನದೇ ಇನ್ನೊಂದು ಭಾಗವಾದ ಲ್ಯಾಂಬೆತ್‌ನ ಮಾಜಿ ಮೇಯರರೂ ಆದ ನೀರಜ್ ಪಾಟೀಲರು ಲೇಬರ್ ಅಭ್ಯರ್ಥಿಯಾಗಿ 19,125 ಮತ ಪಡೆದರು. ಗೆದ್ದ ಕನ್ಸರ್ವೇಟಿವ್ ಪಕ್ಷದ ಜಸ್ಟೀನ್ ಗ್ರೀನಿಂಗ್ ಅವರಿಗೆ ಬಂದದ್ದು 20,679. ಎರಡು ವರ್ಷದ ಹಿಂದೆ 10,180 ಇದ್ದ ಅಂತರ 1,554ಕ್ಕೆ ಇಳಿಯಿತು. ಬ್ರೆಕ್ಸಿಟ್ ಜನಮತಗಣನೆಯಲ್ಲಿ ಈ ಕ್ಷೇತ್ರವಿರುವ ವಾಂಡ್ಸ್‌ವರ್ತ್ ಪ್ರದೇಶದ ನಾಲ್ವರಲ್ಲಿ ಮೂವರು ಯುರೋಪಿಯನ್ ಒಕ್ಕೂಟದಲ್ಲಿ ಉಳಿಯುವುದರ ಪರ ಮತ ಹಾಕಿದ್ದರೆಂಬುದನ್ನು ಬಿಟ್ಟು, ದೇಶವನ್ನು ಒಕ್ಕೂಟದಿಂದ ಹೊರತರಲು ಹೊರಟಿದ್ದ ಕನ್ಸರ್ವೇಟಿವ್ ಪಕ್ಷದ ಈ ಕುಸಿತವನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ. 2019ರಲ್ಲಿ ಲೇಬರ್ ಪಕ್ಷ ದೇಶದಾದ್ಯಂತ ನೆಲಕಚ್ಚಿದರೂ ಎದುರಾಳಿಗಳಿಂದ ಹೊಸದಾಗಿ ಕಸಿದುಕೊಂಡ ಒಂದೇ ಒಂದು ಸ್ಥಾನ ಪಟ್ನಿ. ಅಂದು ಗೆದ್ದ ಫ್ಲರ್ ಆಂಡರ್ಸನ್ 2024ರಲ್ಲೂ ಗೆದ್ದರು.

ಹೆಸರು ನೋಂದಾಯಿಸಲು ಮತದಾನಕ್ಕೆ 12 ಕೆಲಸದ ದಿನಗಳ ಮೊದಲೇ ಗಡುವು ಮುಗಿಯುತ್ತದೆ. ಮನೆ ಬದಲಾಯಿಸಿದಾಗಲೆಲ್ಲ ಮತ್ತೆ ನೋಂದಾಯಿಸಬೇಕು. ಮತಗಟ್ಟೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ. ಭಾರತದ ಪಾಸ್‌ಪೋರ್ಟನ್ನು ಗುರುತಿನ ದಾಖಲೆಯಾಗಿ ಒಪ್ಪುತ್ತಾರೆ, ಆದರೆ ಫೋನಿನಲ್ಲಿರುವ ಅದರ ಚಿತ್ರ ನಡೆಯದು. ಒಳಗೆ ಮತಯಂತ್ರವಿಲ್ಲ, ಬೆರಳಿಗೆ ನಮ್ಮ ಮೈಸೂರಿನ ಶಾಯಿಯೂ ಇಲ್ಲ. ಚಿಕ್ಕ ಮರೆಯೊಳಗೆ ದಾರಕ್ಕೆ ಕಟ್ಟಿದ ಪೆನ್ಸಿಲ್ ಇರುತ್ತದೆ, ಸಂಸತ್ ಚುನಾವಣೆಯಲ್ಲಿ ಅದರಿಂದ ಒಬ್ಬರ ಹೆಸರಿನ ಮುಂದೆ ಮಾತ್ರ ಗುಣಾಕಾರದ ಗುರುತು ಹಾಕಿ, ಚೀಟಿಯನ್ನು ಮಡಿಚಿ ಪೆಟ್ಟಿಗೆಗೆ ಹಾಕಬೇಕು.