ಎರಡು ಬಾಗಿಲಿನ ಕಿಟ್‌ಗೆ ನಾಲ್ಕು ಬಾಗಿಲು ಕೂರಿಸಿದ್ದು

ನಿಜವಾದ ರಸ್ತೆಯಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದ ಕಾರು ಪ್ಲಾಸ್ಟಿಕ್ ಕಿಟ್‌ನ (ಬಿಡಿಭಾಗಗಳನ್ನು ಅಂಟಿಸಿ ಪುಟ್ಟ ಮಾದರಿ ಕಾರು ಮಾಡುವ ಸೆಟ್‌ನ) ಡಬ್ಬದಲ್ಲಿ ಮಾತ್ರ ಸಿಗುವುದಿಲ್ಲ. ವಿಚಿತ್ರ ಅಲ್ವಾ? 1957ರ ಶೆವರ್ಲೆಯನ್ನೇ ತಗೊಳ್ಳಿ. ಅದರ ಬೆಲ್ ಏರ್ ಮಾದರಿಯ ನಾಲ್ಕು ಬಾಗಿಲಿನ ಸೆಡಾನ್ ಒಂದೇ ಎರಡೂವರೆ ಲಕ್ಷಕ್ಕಿಂತ ಜಾಸ್ತಿ ತಯಾರಾಯಿತು. ನೋಮ್ಯಾಡ್ ಅನ್ನುವ ಎರಡು ಬಾಗಿಲಿನ ವ್ಯಾಗನ್ (ಚಾವಣಿ ಹಿಂದಿನ ತುದಿಯವರೆಗೂ ಇರುವ ಕಾರು) ಆರು ಸಾವಿರ ಚಿಲ್ಲರೆ, ಅಷ್ಟೇ. ಆದರೆ ಕಿಟ್ ಭಾಗ್ಯ ಬಂದಿದ್ದು ನೋಮ್ಯಾಡ್‌ಗೆ, ಪಕ್ಕದ ಕಿಟಕಿಗಳ ನಡುವೆ ಕಂಬ ಇಲ್ಲದ ಹಾರ್ಡ್‌ಟಾಪ್‌ಗೆ, ಚಾವಣಿ ಮಡಚುವ ಕನ್ವರ್ಟಿಬಲ್‌ಗೆ. ಕಿಟ್ ಮಾಡುವ ಅಮೆರಿಕದ ಎಎಂಟಿ ಕಂಪನಿಯವರು 1958ರಲ್ಲಿ ಮೂರು ಥರ ಜೋಡಿಸಬಹುದಾದ ತ್ರೀ-ಇನ್-ಒನ್ ಕಿಟ್ ಶುರು ಮಾಡಿದಾಗಲೂ ಬಂದಿದ್ದು ಹಾರ್ಡ್‌ಟಾಪ್ ಮತ್ತು ಕನ್ವರ್ಟಿಬಲ್ಲೇ. ಚೆಂದದ ಕಾರಿಗೇ ಅಚ್ಚು ಹಾಕುತ್ತಾರೆ, ಅದು ಅರ್ಥವಾಗುವ ಮಾತು. ನನಗೆ ಮಾತ್ರ ಮನೆಮಂದಿಯೆಲ್ಲ ತುಂಬಿಕೊಂಡು ಹೋಗುವ, ಯಾರೂ ತಿರುಗಿ ನೋಡದ ಸೆಡಾನ್ ಬೇಕಿತ್ತು. ಅದರಲ್ಲೂ ಆ ವರ್ಷದ ಶೆವರ್ಲೆಗಳಲ್ಲೇ ಅಗ್ಗದ ಒನ್-ಫಿಫ್ಟಿ ಮಾದರಿ. ಹಾಗಾಗಿ ನಾನೇ ಮಾಡಿಕೊಂಡೆ.

ಮೊದಲು ಆಯ್ಕೆಯ ವಿಷಯ ಹೇಳಿಬಿಡುತ್ತೇನೆ, ಯಾಕಂದ್ರೆ ಅರ್ಧ ಕೆಲಸ ಅಲ್ಲೇ ಕಮ್ಮಿಯಾಯಿತು. ಹಾರ್ಡ್‌ಟಾಪ್ ಕಿಟ್ ಸುಲಭವಾಗಿ ಸಿಗುತ್ತಿತ್ತು. ಆದರೆ ಅದಕ್ಕೆ ನಡುವಿನ ಕಂಬ ಇಲ್ಲ, ಚಾವಣಿಯ ಆಕಾರವೂ ಬೇರೆ. ಕಂಬ ಇರುವ ಎರಡು ಬಾಗಿಲಿನ ಸೆಡಾನ್ ಕಿಟ್ ಹಿಡಿದರೆ ಚಾವಣಿ ಮುಟ್ಟುವ ಗೋಜೇ ಇಲ್ಲ. ಇನ್ನೊಂದು ಅನುಕೂಲ ಏನಂದ್ರೆ ಆ ವರ್ಷದ ಶೆವರ್ಲೆಯಲ್ಲಿ ಬಾಗಿಲು ಎರಡಿರಲಿ ನಾಲ್ಕಿರಲಿ, ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಒಂದೇ ಅಂತರ, 115 ಇಂಚು. ಅಂದರೆ ಬಾಡಿಯನ್ನು ಅಡ್ಡಕ್ಕೆ ಕತ್ತರಿಸಿ ಉದ್ದ ಮಾಡಬೇಕಾಗಿಲ್ಲ. ನನ್ನ ಕಿಟ್‌ನ 1/25 ಅಳತೆಯಲ್ಲಿ, ಅಂದರೆ ನಿಜವಾದ ಕಾರಿನ ಇಪ್ಪತ್ತೈದನೇ ಒಂದು ಪಾಲಿನಲ್ಲಿ, ಅದು 116.8 ಮಿಲಿಮೀಟರ್. ಈ ಒಂದು ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಂಡಿದ್ದೆ.

ಯಾಕೆ ಅಂದ್ರೆ, ನಿಜವಾದ ನಾಲ್ಕು ಬಾಗಿಲಿನ ಕಾರನ್ನು ಪಕ್ಕದಿಂದ ತೆಗೆದ ಫೋಟೋ ಹುಡುಕಿ, ಚಕ್ರದ ನಡುವಿನಿಂದ ಚಕ್ರದ ನಡುವಿಗೆ ಸರಿಯಾಗಿ 116.8 ಬರುವ ಹಾಗೆ ಪ್ರಿಂಟ್ ತೆಗೆದರೆ, ಆ ಕಾಗದವೇ ನಿಮ್ಮ ನಕ್ಷೆ. ಅದನ್ನು ಬಾಡಿಯ ಪಕ್ಕ ಹಿಡಿದು ಬಾಗಿಲಿನ ಗೆರೆಗಳನ್ನು ಪೆನ್ಸಿಲ್ಲಿನಲ್ಲಿ ಇಳಿಸಿಕೊಳ್ಳಬಹುದು. ಫೋಟೋ ದೂರದಿಂದ ತೆಗೆದಿರಬೇಕು, ಹತ್ತಿರದಿಂದ ತೆಗೆದಿದ್ದರೆ ನಡುಭಾಗ ಉಬ್ಬಿ ತುದಿಗಳು ಕುಗ್ಗಿರುತ್ತವೆ. ಹಳೆಯ ಜಾಹೀರಾತಿನ ಚಿತ್ರಗಳನ್ನಂತೂ ನಂಬಲೇಬೇಡಿ. ಆ ಕಾಲದ ಕಲಾವಿದರು ಕಾರನ್ನು ಇರುವುದಕ್ಕಿಂತ ಉದ್ದ, ಇರುವುದಕ್ಕಿಂತ ಕುಳ್ಳ ಮಾಡಿ ಬರೆಯುತ್ತಿದ್ದರು. ನಾನು ಮೊದಲು ಅಂಥದ್ದೊಂದನ್ನು ನಂಬಿ ಎರಡು ಸಂಜೆ ಹಾಳು ಮಾಡಿಕೊಂಡೆ.

ಎರಡು ಬಾಗಿಲಿನ ಕಾರಿನಲ್ಲಿ ಬಾಗಿಲು ಉದ್ದ ಇರುತ್ತದೆ. ನಾಲ್ಕು ಮಾಡುವಾಗ ಮುಂದಿನ ಬಾಗಿಲು ಗಿಡ್ಡವಾಗಿ, ನಡುವಿನ ಕಂಬ ಮುಂದಕ್ಕೆ ಸರಿಯುತ್ತದೆ. ಹಿಂದಿನ ಬಾಗಿಲಿನ ಕೆಳಮೂಲೆ ಚಕ್ರದ ಕಮಾನಿಗೆ ತಕ್ಕಂತೆ ಬಾಗುತ್ತದೆ. ಮೊದಲ ಕೆಲಸ, ಹಳೆಯ ಬಾಗಿಲಿನ ಗೆರೆ ಮುಚ್ಚುವುದು.

ಇಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಟ್ಯೂಬಿನಲ್ಲಿ ಬರುವ ಪುಟ್ಟಿ ಹಾಕಿ, ಉಜ್ಜಿ, ಪ್ರೈಮರ್ (ಬಣ್ಣದ ಕೆಳಗಿನ ಪದರ) ಹೊಡೆದು, ಬಣ್ಣವನ್ನೂ ಹೊಡೆದೆ. ಕನ್ನಡಿ ಥರ ಬಂತು. ಮೂರು ತಿಂಗಳಾದ ಮೇಲೆ ಓರೆ ಬೆಳಕಿನಲ್ಲಿ ನೋಡಿದರೆ ಹಳೆಯ ಬಾಗಿಲಿನ ಗೆರೆ ದೆವ್ವದ ಹಾಗೆ ಎದ್ದು ಬಂದಿತ್ತು! ಆ ಪುಟ್ಟಿಯೊಳಗಿನ ಥಿನ್ನರ್ ಆರುತ್ತಾ ಹೋದ ಹಾಗೆ ಪುಟ್ಟಿ ಕುಗ್ಗುತ್ತದೆ, ಮೇಲಿನ ಬಣ್ಣ ಅದರ ಜೊತೆಗೇ ಒಳಗೆ ಇಳಿಯುತ್ತದೆ. ಇಡೀ ಬಣ್ಣ ತೆಗೆದು ಮತ್ತೆ ಶುರು ಮಾಡಿದೆ. ಈ ಸಲ ಆ ಗೆರೆಯನ್ನು ಇನ್ನೂ ಸ್ವಲ್ಪ ಅಗಲ ಮಾಡಿ, ತೆಳ್ಳನೆಯ ಸ್ಟೈರೀನ್ (ಕಿಟ್‌ನದೇ ಥರದ ಪ್ಲಾಸ್ಟಿಕ್) ಪಟ್ಟಿಯನ್ನು ಅದರೊಳಗೆ ಕೂರಿಸಿ ನೀರಿನಂಥ ಪ್ಲಾಸ್ಟಿಕ್ ಅಂಟು ಹರಿಸಿದೆ. ಈ ಅಂಟು ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಕರಗಿಸಿ ಒಂದು ಮಾಡುತ್ತದೆ. ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ಕೇ ಸೇರಿದ್ದರಿಂದ ಪುಟ್ಟಿಯ ಹಾಗೆ ಕುಗ್ಗಲಿಲ್ಲ. ಒಂದು ವಾರ ಮುಟ್ಟದೆ ಬಿಟ್ಟೆ, ಇದು ಮುಖ್ಯ. ಆಮೇಲೆ 320, 400, 600 ನಂಬರು ಅಂತ ಇನ್ನೂ ನಯವಾದ ಉಜ್ಜು ಕಾಗದಕ್ಕೆ ಬದಲಿಸುತ್ತಾ ಸಮ ಮಾಡಿದೆ. ಉಳಿದ ಸೂಜಿಮೊನೆಯಷ್ಟು ಹಳ್ಳಗಳಿಗೆ ಮಾತ್ರ ಸೂಪರ್ ಗ್ಲೂ. ಅದನ್ನು ಗಟ್ಟಿಯಾದ ಒಂದು ಗಂಟೆಯೊಳಗೇ ಉಜ್ಜಿಬಿಡಬೇಕು. ಬೆಳಗ್ಗೆ ನೋಡ್ಕೊಳ್ಳೋಣ ಅಂತ ಬಿಟ್ಟರೆ ಅದು ಸುತ್ತಲ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿರುತ್ತದೆ, ಉಜ್ಜಿದಾಗ ಅಂಟು ಗುಡ್ಡವಾಗಿ ನಿಂತು ಅಕ್ಕಪಕ್ಕ ಹಳ್ಳ ಬೀಳುತ್ತದೆ.

ಕಂಬದ ಕೆಲಸದಲ್ಲಿ ಒಂದೇ ನಿಯಮ: ಹೊಸದು ನಿಲ್ಲುವ ತನಕ ಹಳೆಯದನ್ನು ಕತ್ತರಿಸಬೇಡಿ. ಸ್ಟೈರೀನ್ ಪಟ್ಟಿಯಿಂದ ಹೊಸ ಕಂಬ ಮಾಡಿ, ಅದರ ಜಾಗದಲ್ಲಿ ಅಂಟಿಸಿ, ಪೂರ್ತಿ ಗಟ್ಟಿಯಾದ ಮೇಲೆ ಹಳೆಯದನ್ನು ಸಣ್ಣ ಹಲ್ಲಿನ ಗರಗಸದಿಂದ ತೆಗೆದೆ. ಇದಕ್ಕೂ ಮುಂಚೆ ಬೇರೊಂದು ಕಿಟ್‌ನಲ್ಲಿ ಆತುರಕ್ಕೆ ಎರಡೂ ಕಡೆ ಒಟ್ಟಿಗೇ ಕತ್ತರಿಸಿದ್ದೆ. ಚಾವಣಿ ಕೂದಲೆಳೆಯಷ್ಟು ಕುಸಿದಿತ್ತು, ಕಣ್ಣಿಗೆ ಏನೂ ಗೊತ್ತಾಗಲಿಲ್ಲ, ಕೊನೆಗೆ ಮುಂದಿನ ಗಾಜು ಕೂರಲಿಲ್ಲ.

ಇನ್ನು ಹೊಸ ಗೆರೆ ಕೊರೆಯುವುದು. ಕೈ ನಡುಗುವ ಜಾಗ ಇದೇ. ನಿಜವಾದ ಕಾರಿನಲ್ಲಿ ಬಾಗಿಲ ಸುತ್ತ ಐದು ಮಿಲಿಮೀಟರ್ ಸಂದು ಇದೆ ಅಂದುಕೊಂಡರೂ ಮಾಡೆಲ್‌ನಲ್ಲಿ ಅದು 0.2 ಮಿಲಿಮೀಟರ್. ದಪ್ಪ ಲೇಬಲ್ ಟೇಪನ್ನು ಗೆರೆಯ ಗುಂಟ ಅಂಟಿಸಿ, ಚಾಕುವಿನ ಅಲಗಿನ ಹಿಂಬದಿಯಿಂದ ಎಳೆದೆ. ಮುಂಬದಿ ಪ್ಲಾಸ್ಟಿಕ್ಕನ್ನು ಸೀಳಿ ಎರಡು ಕಡೆಗೆ ತಳ್ಳುತ್ತದೆ, ಹಿಂಬದಿ ಎಳೆಎಳೆಯಾಗಿ ಹೆರೆದು ತೆಗೆಯುತ್ತದೆ. ಮೊದಲ ಏಳೆಂಟು ಸಲ ಭಾರವೇ ಹಾಕಬಾರದು, ಸುಮ್ನೆ ಚಾಕುವಿನ ತೂಕ ಅಷ್ಟೇ. ಚಕ್ರದ ಹತ್ತಿರದ ಬಾಗಿಗೆ ಟೇಪ್ ಬಗ್ಗಲಿಲ್ಲ. ತೆಳು ತಗಡಿನಲ್ಲಿ ಆ ಬಾಗನ್ನು ಒಂದೇ ಸಲ ಕತ್ತರಿಸಿ, ಎಡಕ್ಕೆ ಹಿಡಿದು ಕೊರೆದು, ಮಗುಚಿ ಬಲಕ್ಕೆ ಹಿಡಿದೆ. ಎರಡು ಕಡೆಗೆ ಎರಡು ಸಲ ಅಂದಾಜು ಮಾಡಿದರೆ ಎರಡು ಬೇರೆ ಕಾರಾಗುತ್ತದೆ.

ಹೊರಗಡೆ ಮುಗಿದರೆ ಮುಗಿದ ಹಾಗಲ್ಲ. ಎರಡು ಬಾಗಿಲಿನ ಕಾರಿನ ಮುಂದಿನ ಸೀಟಿನ ಬೆನ್ನು ಎರಡು ಭಾಗವಾಗಿರುತ್ತದೆ, ಹಿಂದೆ ಹೋಗುವವರಿಗೆ ಮಡಚಲು. ನಾಲ್ಕು ಬಾಗಿಲಿಗೆ ಅದು ಬೇಕಿಲ್ಲ, ಬೆನ್ನು ಇಡಿಯಾಗಿ ಒಂದೇ. ಹಾಗಾಗಿ ನಡುವಿನ ಸೀಳನ್ನು ಮುಚ್ಚಿದೆ. ಒಳಗಿನ ಬಾಗಿಲ ಹಲಗೆಯನ್ನು ಎರಡಾಗಿ ಭಾಗ ಮಾಡಿ, ಕಿಟಕಿ ತಿರುಗಿಸುವ ಹಿಡಿಗಳನ್ನು, ಹೊರಗಿನ ಬಾಗಿಲ ಹಿಡಿಗಳನ್ನು ಇನ್ನೊಂದು ಹಳೆಯ ಕಿಟ್‌ನಿಂದ ಕಿತ್ತು ತಂದೆ. ಪಕ್ಕದ ಗಾಜುಗಳಿಗೆ ಚಪ್ಪಟೆ ಪಾರದರ್ಶಕ ಹಾಳೆ ಸಾಕಾಯಿತು.

ಹಳೆಯ ಕಿಟ್ ಅಂದ ಮೇಲೆ ಒಂದು ಎಚ್ಚರಿಕೆ. 1/24 ಮತ್ತು 1/25 ಹತ್ತಿರ ಹತ್ತಿರ ಇದೆಯಲ್ಲ ಅಂತ ಬಾಡಿಯ ತುಂಡುಗಳನ್ನು ಬೆರೆಸಬೇಡಿ. 200 ಇಂಚಿನ ಈ ಕಾರು ಒಂದರಲ್ಲಿ 211.7 ಮಿಲಿಮೀಟರ್, ಇನ್ನೊಂದರಲ್ಲಿ 203.2. ಚಾವಣಿ ಜೋಡಿಸಿ ವ್ಯಾಗನ್ ಮಾಡುವವರು ಇಲ್ಲೇ ಸಿಕ್ಕಿಹಾಕಿಕೊಳ್ಳುವುದು. ಹಿಡಿ, ಕನ್ನಡಿಯಂಥ ಚೂರುಪಾರುಗಳಾದರೆ ನಡೆಯುತ್ತದೆ.

ಬಣ್ಣ ಹೊಡೆಯುವ ಮುಂಚೆ ಬೂದು ಪ್ರೈಮರ್ ತೆಳ್ಳಗೆ ಹೊಡೆದು ಎರಡು ವಾರ ಸುಮ್ಮನಿಟ್ಟೆ, ದೆವ್ವ ಮತ್ತೆ ಬರುತ್ತದಾ ಅಂತ. ಬರಲಿಲ್ಲ. ತಿಳಿ ಹಸಿರು ಬಣ್ಣ, ಮಾಮೂಲಿ ಚಕ್ರ, ಅಷ್ಟೇ. ಗೆಳೆಯನೊಬ್ಬ ಎತ್ತಿಕೊಂಡು ತಿರುಗಿಸಿ ನೋಡಿ "ಇದರಲ್ಲಿ ನೀನೇನು ಮಾಡಿದೆ, ಡಬ್ಬದಲ್ಲಿ ಬಂದಿದ್ದೇ ಅಲ್ವಾ?" ಅಂದ. ಆ ದಿನವೆಲ್ಲ ನಾನು ಖುಷಿಯಾಗಿದ್ದೆ. ಬಲಗಡೆಯ ಹಿಂದಿನ ಬಾಗಿಲಿನ ಗೆರೆ ಮೇಲ್ತುದಿಯಲ್ಲಿ ಒಂದಿಷ್ಟು ವಾಲಿದ್ದು ಅವನ ಕಣ್ಣಿಗೆ ಬೀಳಲಿಲ್ಲ. ಕಾರು ಈಗ ಕಪಾಟಿನಲ್ಲಿ ಎಡಮಗ್ಗುಲು ತೋರಿಸಿಕೊಂಡು ನಿಂತಿದೆ.