ಗೇಮ್ ಮಕ್ಕಳಿಗೆ ತಕ್ಕುದೇ? ಮೊದಲು ನೀವೇ ಆಡಿ ನೋಡಿ

‘ಎಲ್ಲರೂ ಆಡ್ತಾರೆ, ನಂಗೂ ಹಾಕ್ಕೊಡಮ್ಮ’ ಎಂದು ಮಗು ಫೋನ್ ಹಿಡಿದು ಬಂದರೆ ಹೂಂ, ಊಹೂಂ ಎರಡನ್ನೂ ತಕ್ಷಣ ಹೇಳಬೇಡಿ. ಒಂದು ಗಂಟೆ ಸಮಯ ಕೇಳಿ.

ಮೊದಲಿಗೆ ಪ್ಲೇ ಸ್ಟೋರ್‌ನಲ್ಲಿ ಆ ಗೇಮ್‌ನ ಪುಟ ತೆರೆಯಿರಿ. 3+, 7+, 12+, 16+, 18+ ಇವುಗಳಲ್ಲಿ ಒಂದು ಸಂಖ್ಯೆ ಕಾಣುತ್ತದೆ. ಅದನ್ನು ಒತ್ತಿದರೆ ಕಾರಣವೂ ಸಿಗುತ್ತದೆ: ಹೊಡೆದಾಟ, ರಕ್ತ, ಕೆಟ್ಟ ಮಾತು, ಜೂಜು. ಗೇಮ್ ತಯಾರಿಸಿದವರು ಒಂದು ಪ್ರಶ್ನಾವಳಿಗೆ ಕೊಟ್ಟ ಉತ್ತರಗಳ ಆಧಾರದ ಮೇಲೆ ಈ ಸಂಖ್ಯೆ ನಿಗದಿಯಾಗುತ್ತದೆ. ಆಟ ಸುಲಭವೋ ಕಷ್ಟವೋ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಬಹಳಷ್ಟು ಪೋಷಕರು ಇಲ್ಲಿಗೇ ನಿಲ್ಲುತ್ತಾರೆ. ಆದರೆ ಆಟದಲ್ಲಿ ಮಗುವಿನ ಜೊತೆ ಯಾರು ಮಾತಾಡುತ್ತಾರೆ, ಯಾರು ದುಡ್ಡು ಕೇಳುತ್ತಾರೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಫೋರ್ಟ್‌ನೈಟ್‌ ಅನ್ನೇ ನೋಡಿ. ಗೇಮ್‌ಗಳಿಗೆ ವಯಸ್ಸಿನ ಗುರುತು ಕೊಡುವ ಯುರೋಪಿನ ಪೆಗಿ ವ್ಯವಸ್ಥೆಯಲ್ಲಿ ಅದಕ್ಕಿದ್ದದ್ದು 12ರ ಗುರುತು. ಅಪರಿಚಿತರೊಂದಿಗಿನ ಧ್ವನಿ ಮತ್ತು ಅಕ್ಷರ ಚಾಟ್ ಮಕ್ಕಳಿಗೂ ತಾನಾಗಿಯೇ ತೆರೆದಿರುತ್ತಿತ್ತು, ಗೊಂದಲ ಹುಟ್ಟಿಸುವ ಬಟನ್‌ಗಳಿಂದ ಬೇಡದ ಖರೀದಿ ಆಗುತ್ತಿತ್ತು ಎಂದು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. ಅದರ ಕಂಪನಿ ಎಪಿಕ್ ಗೇಮ್ಸ್ 2022ರ ಡಿಸೆಂಬರ್‌ನಲ್ಲಿ 52 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು.

ಆದ್ದರಿಂದ ಅದೇ ಪುಟದಲ್ಲಿ ಗೇಮ್‌ನ ವಿವರಣೆಯನ್ನು ಕೊನೆಯವರೆಗೆ ಓದಿ. ಆಟದೊಳಗೆ ಮಾರುವ ವಸ್ತುಗಳ ಬೆಲೆ ಎಷ್ಟರಿಂದ ಎಷ್ಟರವರೆಗೆ ಎಂದು ರೂಪಾಯಿಯಲ್ಲೇ ಇರುತ್ತದೆ. ‘ಫ್ರೀ’ ಗೇಮ್‌ನಲ್ಲಿ ಸಾವಿರಾರು ರೂಪಾಯಿಯ ವಸ್ತು ಇದ್ದರೆ ಅದರ ಸಂಪಾದನೆ ಎಲ್ಲಿಂದ ಎಂಬುದು ಗೊತ್ತಾಗುತ್ತದೆ. ಲೂಟ್ ಬಾಕ್ಸ್ ಇದೆಯೇ ಎಂದೂ ಹುಡುಕಿ. ಒಳಗೇನಿದೆ ಎಂದು ತಿಳಿಯದೆ ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆ ಅದು. ಬೆಲ್ಜಿಯಂ 2018ರಲ್ಲೇ ಅಂಥವನ್ನು ಜೂಜೆಂದು ಪರಿಗಣಿಸಿತು. ವಯಸ್ಸಿನ ಗುರುತು ಏನೇ ಇರಲಿ, ಲೂಟ್ ಬಾಕ್ಸ್ ಇರುವ ಗೇಮ್ ಸಣ್ಣ ಮಕ್ಕಳಿಗೆ ಬೇಡ ಎಂಬುದೇ ನನ್ನ ಖಚಿತ ಅಭಿಪ್ರಾಯ.

ಇನ್ನು ಆಡಲು ಕೂರಿ. ನಿಮಗೆ ಬರದಿದ್ದರೂ ಪರವಾಗಿಲ್ಲ, ಬೇಕೆಂದೇ ಸೋಲಿ. ಸೋತ ಕೂಡಲೇ ಪರದೆಯ ಮೇಲೆ ಏನು ಬರುತ್ತದೆ? ಮತ್ತೊಂದು ಪ್ರಯತ್ನವೋ, ಅಂಗಡಿಯೋ? ಜಾಹೀರಾತು ಮುಚ್ಚುವ ಗುರುತು ಸುಲಭವಾಗಿ ಕಾಣುತ್ತದೆಯೇ? ಒಂದು ದಿನ ಆಡದಿದ್ದರೆ ಬಹುಮಾನ ತಪ್ಪುತ್ತದೆ ಎಂದು ಹೆದರಿಸುತ್ತದೆಯೇ? ನಡುವೆ ನಿಲ್ಲಿಸಲು ಬರುತ್ತದೆಯೇ? ಹಲವರು ಸೇರಿ ಆಡುವ ಪಂದ್ಯಗಳನ್ನು ನಡುವೆ ನಿಲ್ಲಿಸಲಾಗದು. ಅಂಥ ಕಡೆ ‘ಊಟಕ್ಕೆ ಬಾ’ ಎಂದು ಕೂಗುವ ಬದಲು ಪಂದ್ಯ ಎಷ್ಟು ಹೊತ್ತಿನದು ಎಂದು ಮೊದಲೇ ಕೇಳಿಟ್ಟುಕೊಂಡರೆ ಅರ್ಧ ಜಗಳ ತಪ್ಪುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಚಾಟ್ ಪೂರ್ತಿ ಬಂದ್ ಮಾಡಲು ಅವಕಾಶವಿದೆಯೇ ಎಂದೂ ನೋಡಿ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಮಕ್ಕಳು ಆಡುವುದು ಹೆಚ್ಚಾಗಿ ಅಪ್ಪ ಅಮ್ಮನ ಫೋನ್‌ನಲ್ಲಿ, ಅದರಲ್ಲಿರುವುದು ದೊಡ್ಡವರ ಖಾತೆ. ನೀವಾಗಿ ನಿರ್ಬಂಧ ಹಾಕದಿದ್ದರೆ 18+ ಗೇಮ್ ಕೂಡ ಸಲೀಸಾಗಿ ಇಳಿಯುತ್ತದೆ. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ವಯಸ್ಸಿನ ಮಿತಿ ಹಾಕಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಯುಪಿಐ ಪಿನ್ ಮಕ್ಕಳಿಗೆ ಹೇಳಬೇಡಿ.

ಮೊದಲ ಕೆಲವು ದಿನ ಮಗು ಹಾಲ್‌ನಲ್ಲೇ, ಇಯರ್‌ಫೋನ್ ಇಲ್ಲದೆ ಆಡಲಿ. ಚೆನ್ನಾಗಿ ಆಡುತ್ತಿದ್ದ ಮಗು ಪರದೆ ಮರೆಮಾಡತೊಡಗಿದರೆ, ನಿಲ್ಲಿಸು ಅಂದಾಗಲೆಲ್ಲ ರೇಗತೊಡಗಿದರೆ, ಆ ಗೇಮ್ ಅನ್ನು ಮತ್ತೊಮ್ಮೆ ನೀವೇ ಆಡಿ ನೋಡಿ. ಅಪ್‌ಡೇಟ್ ಜೊತೆ ಹೊಸ ಚಾಟ್, ಹೊಸ ಅಂಗಡಿ ಸೇರಿರಬಹುದು.