ಶ್ವಾಸಕೋಶಕ್ಕೆ ವಾಲ್ವ್ ಹಾಕುವ ಮುನ್ನ ನಾನು ಸಿಟಿ ಸ್ಕ್ಯಾನ್ ನೋಡುವ ಕ್ರಮ

ಎಂಫಿಸೀಮಾದಲ್ಲಿ (ಶ್ವಾಸಕೋಶದ ಗಾಳಿಗೂಡುಗಳ ಗೋಡೆ ನಾಶವಾಗುವ ರೋಗ) ಹಾಳಾದ ಲೋಬ್ (ಶ್ವಾಸಕೋಶದ ಒಂದು ಪಾಲು) ಗಾಳಿ ತುಂಬಿ ಉಬ್ಬಿಕೊಂಡು, ಪಕ್ಕದ ಒಳ್ಳೆಯ ಭಾಗಕ್ಕೆ ಜಾಗ ಕೊಡುವುದಿಲ್ಲ. ಬ್ರಾಂಕೋಸ್ಕೋಪ್ (ಶ್ವಾಸನಾಳದೊಳಗೆ ಇಳಿಸುವ ಕ್ಯಾಮೆರಾ ಕೊಳವೆ) ಮೂಲಕ ಆ ಲೋಬ್‌ನ ಎಲ್ಲ ಶ್ವಾಸನಾಳಗಳಿಗೂ ಹೊರಮುಖವಾಗಿ ಮಾತ್ರ ತೆರೆಯುವ ವಾಲ್ವ್ ಕೂರಿಸಿದರೆ ಅದು ಕುಗ್ಗಬೇಕು. ಕುಗ್ಗುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಸಿಟಿಯಲ್ಲೇ ಗೊತ್ತಾಗುತ್ತದೆ.

ರೋಗಿ ತರುವ ಹಳೆಯ ಫಿಲ್ಮ್‌ಗಳನ್ನು ನಾನು ನೆಚ್ಚುವುದಿಲ್ಲ. 5 ಮಿ.ಮೀ. ಸ್ಲೈಸ್‌ನಲ್ಲಿ ಫಿಶರ್ (ಲೋಬ್‌ಗಳ ನಡುವಿನ ಬಿರುಕು) ಸ್ಪಷ್ಟ ಗೆರೆಯಾಗಿ ಬರುವುದಿಲ್ಲ. 1 ಮಿ.ಮೀ. ಆಸುಪಾಸಿನ, ನಡುವೆ ಅಂತರ ಬಿಡದ ಸ್ಲೈಸ್ ಬೇಕು. ರಕ್ತನಾಳ ಎದ್ದು ಕಾಣಲು ಚುಚ್ಚುವ ಕಾಂಟ್ರಾಸ್ಟ್ ದ್ರವ ಬೇಡ, ಅದು ಶ್ವಾಸಕೋಶದ ಸಾಂದ್ರತೆಯ ಅಂಕಿಯನ್ನು ಏರಿಸುತ್ತದೆ. ಅಳತೆಗೆ ಮೃದು ಕರ್ನಲ್ಲೇ (ಚಿತ್ರ ಕಟ್ಟುವಾಗಿನ ಲೆಕ್ಕದ ಫಿಲ್ಟರ್) ಆಗಬೇಕು. ಚೂಪು ಕರ್ನಲ್‌ನಲ್ಲಿ ನಾಯ್ಸ್ (ಚಿತ್ರದ ಕಾಳುಕಾಳು) ಹೆಚ್ಚಿ, −950 ಹೌನ್ಸ್‌ಫೀಲ್ಡ್‌ಗಿಂತ (ಸಿಟಿಯಲ್ಲಿ ಸಾಂದ್ರತೆಯ ಮಾನ) ಕೆಳಗಿನ, ಅಂದರೆ ಹಾಳಾದ, ಭಾಗ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ.

ಹೆಚ್ಚು ಕೆಡುವುದು ಉಸಿರಿನ ವಿಷಯದಲ್ಲಿ. ಪೂರ್ತಿ ಉಸಿರೆಳೆದು ಹಿಡಿಯುವುದನ್ನು ಟೇಬಲ್ ಮೇಲೆ ಮಲಗಿಸಿಯೇ ಅಭ್ಯಾಸ ಮಾಡಿಸಬೇಕು. ಏದುಸಿರಿನವರಿಗೆ ಸ್ಕ್ಯಾನನ್ನು ಕೆಳಗಿನಿಂದ ಮೇಲಕ್ಕೆ ಓಡಿಸುವುದು ವಾಸಿ: ಡಯಾಫ್ರಮ್ (ವಪೆ) ಹತ್ತಿರ ಅಲುಗಾಟ ಹೆಚ್ಚು, ಆ ಭಾಗ ಮೊದಲೇ ಮುಗಿದಿರುತ್ತದೆ. ಚಿತ್ರದಲ್ಲಿ ಟ್ರೇಕಿಯಾದ (ಮುಖ್ಯ ಶ್ವಾಸನಾಳ) ಹಿಂಗೋಡೆ ಒಳಕ್ಕೆ ಬಾಗಿದ್ದರೆ ಉಸಿರು ಬಿಟ್ಟಿದ್ದಾರೆ ಎಂದರ್ಥ, ಮತ್ತೆ ತೆಗೆಯಿರಿ.

ಮುಂದಿನದು ಫಿಶರ್. ಓರೆ ಫಿಶರನ್ನು ಸ್ಯಾಜಿಟಲ್‌ನಲ್ಲಿ (ಪಕ್ಕದಿಂದ ಕಂಡಂಥ ಚಿತ್ರ), ಬಲಗಡೆಯ ಅಡ್ಡ ಫಿಶರನ್ನು ಕೊರೋನಲ್ (ಎದುರಿನಿಂದ ಕಂಡಂಥ ಚಿತ್ರ) ಮತ್ತು ಸ್ಯಾಜಿಟಲ್ ಎರಡರಲ್ಲೂ ನೋಡುತ್ತೇನೆ. ಗೆರೆ ಕಡಿದ ಕಡೆ ರಕ್ತನಾಳ ದಾಟಿದ್ದರೆ ಅಲ್ಲಿ ಬಿರುಕು ಪೂರ್ಣವಾಗಿಲ್ಲ, ಎರಡು ಲೋಬ್‌ಗಳು ಕೂಡಿಕೊಂಡಿವೆ. ಪಕ್ಕದ ಲೋಬ್‌ನಿಂದ ಗಾಳಿ ನುಸುಳುತ್ತಿರುವಷ್ಟು ಕಾಲ ವಾಲ್ವ್ ಎಷ್ಟು ಹಾಕಿದರೂ ಗೋಡೆಯಿಲ್ಲದ ಕೋಣೆಗೆ ಬೀಗ ಹಾಕಿದಂತೆ. ಸಾಫ್ಟ್‌ವೇರ್ ಅಳತೆಯಲ್ಲಿ ಫಿಶರ್ 95%ಗಿಂತ ಹೆಚ್ಚು ಪೂರ್ಣವಿದ್ದರೆ ಮುಂದುವರಿಯಬಹುದು. 80ರಿಂದ 95%ರ ನಡುವೆ ಬಲೂನ್ ಕ್ಯಾಥೆಟರ್‌ನಿಂದ ಗಾಳಿಯ ಹರಿವು ಅಳೆಯುವ ಚಾರ್ಟಿಸ್ ಪರೀಕ್ಷೆ ಬೇಕು. ಅದಕ್ಕೂ ಕಡಿಮೆಯಾದರೆ ವಾಲ್ವ್ ಬಿಟ್ಟುಬಿಡಿ. ಸಾಫ್ಟ್‌ವೇರ್ ಹೇಳಿದ್ದನ್ನು ಕಣ್ಣಿಂದ ಒಮ್ಮೆ ನೋಡದೆ ನಾನು ವರದಿ ಬರೆಯುವುದಿಲ್ಲ.

ಯಾವ ಲೋಬ್ ಎಂದು ಆರಿಸುವಾಗ ಹಾನಿಯ ಶೇಕಡಾವಾರಿನ ಜೊತೆ ಪರ್ಫ್ಯೂಷನ್ ಸ್ಕ್ಯಾನ್ (ಎಲ್ಲಿ ಎಷ್ಟು ರಕ್ತ ಹರಿಯುತ್ತಿದೆ ಎಂದು ತೋರಿಸುವುದು) ಕೂಡ ನೋಡಬೇಕು. ರಕ್ತ ಚೆನ್ನಾಗಿ ಹರಿಯುತ್ತಿರುವ ಲೋಬನ್ನು ಮುಚ್ಚಿದರೆ ನಷ್ಟವೇ. ನಮ್ಮಲ್ಲಿ ಹಳೆಯ ಕ್ಷಯದ ಕಲೆ ತುದಿಭಾಗದಲ್ಲಿ ಸಾಮಾನ್ಯ: ಪ್ಲೂರಾ (ಶ್ವಾಸಕೋಶದ ಹೊರಪೊರೆ) ಅಂಟಿಕೊಂಡಿದ್ದರೆ ಲೋಬ್ ಸರಿಯಾಗಿ ಕುಗ್ಗದಿರಬಹುದು, ಎಳೆತಕ್ಕೆ ಹರಿಯಲೂಬಹುದು. ಅನುಮಾನದ ಗಂಟು ಸಿಕ್ಕಿದರೆ ಮೊದಲು ಅದರ ಇತ್ಯರ್ಥವಾಗಲಿ. ಶ್ವಾಸನಾಳದ ವ್ಯಾಸವನ್ನೂ ಬರೆದಿಡುತ್ತೇನೆ, ಆದರೆ ಅದು ಅಂದಾಜು ಮಾತ್ರ. ವಾಲ್ವ್‌ನ ಸೈಜ್ ತೀರ್ಮಾನವಾಗುವುದು ಸ್ಕೋಪ್ ಒಳಗಿನ ಅಳತೆಯಿಂದ.

ವಾಲ್ವ್ ಹಾಕಿದ ಮೇಲೆ ನ್ಯೂಮೋಥೊರಾಕ್ಸ್ (ಶ್ವಾಸಕೋಶ ಹರಿದು ಅದರ ಸುತ್ತ ಗಾಳಿ ಸೇರುವುದು) ಭಯ. 2018ರ ಲಿಬರೇಟ್ ಅಧ್ಯಯನದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆಯಿತು, ಬಹುಪಾಲು ಮೊದಲ ಮೂರು ದಿನಗಳಲ್ಲಿ. ಲೋಬ್ ಬೇಗ ಕುಗ್ಗಿದಾಗ ಪಕ್ಕದ ಬಡಕಲು ಲೋಬ್ ಹಠಾತ್ತನೆ ಹಿಗ್ಗಿ ಹರಿಯುವುದೇ ಕಾರಣ. ಹಾಗಾಗಿ ಅಂದೇ ಒಂದು ಎಕ್ಸ್‌ರೇ, ಆಮೇಲೆ ದಿನಾ ಒಂದು, ಸಾಧ್ಯವಾದರೆ ನಿಲ್ಲಿಸಿ ಅಥವಾ ಕೂರಿಸಿ. ಬುಲ್ಲಾವನ್ನು (ಶ್ವಾಸಕೋಶದೊಳಗಿನ ದೊಡ್ಡ ಗಾಳಿಗುಳ್ಳೆ) ನ್ಯೂಮೋಥೊರಾಕ್ಸ್ ಎಂದುಕೊಂಡು ಅದರೊಳಗೆ ಟ್ಯೂಬ್ ತೂರಿಸುವ ಅಪಾಯವಿದೆ. ಹಳೆಯ ಚಿತ್ರ ಪಕ್ಕದಲ್ಲಿಟ್ಟು ಹೋಲಿಸಿ, ಸಂಶಯ ಉಳಿದರೆ ಸಿಟಿ ಮಾಡಿಸಿ.

ಆರು ವಾರದ ಹೊತ್ತಿಗೆ ಮತ್ತೆ ಅದೇ ಪ್ರೋಟೋಕಾಲ್‌ನಲ್ಲಿ ಸಿಟಿ. ಲೋಬ್‌ನ ಗಾತ್ರ 350 ಮಿ.ಲೀ. ಆದರೂ ಇಳಿದಿರಬೇಕು. ಫಿಶರ್ ಪೂರ್ಣವಿದ್ದೂ ಇಳಿಯದಿದ್ದರೆ ವಾಲ್ವ್‌ಗಳನ್ನು ಒಂದೊಂದಾಗಿ ಎಣಿಸಿ, ಶ್ವಾಸನಾಳದ ಉದ್ದಕ್ಕೂ ರೀಫಾರ್ಮ್ಯಾಟ್ ಮಾಡಿ (ಚಿತ್ರವನ್ನು ಆ ಕೋನದಲ್ಲಿ ಮತ್ತೆ ಕಟ್ಟಿ) ನೋಡಿ: ಓರೆಯಾಗಿದೆಯೇ, ಪಕ್ಕದಿಂದ ಗಾಳಿ ಹೋಗುತ್ತಿದೆಯೇ, ಕೆಮ್ಮಿನಲ್ಲಿ ಕಳಚಿ ಹೋಯಿತೇ, ಯಾವುದಾದರೂ ಕವಲು ಬಿಟ್ಟುಹೋಗಿದೆಯೇ. ಎಡ ಮೇಲಿನ ಲೋಬ್ ಆದರೆ ಮೊದಲು ಲಿಂಗುಲಾ (ಆ ಲೋಬ್‌ನ ಕೆಳಭಾಗ) ಕಡೆ ನೋಡಿ.